ನ್ಯಾವಿಗೇಷನ್ ಸ್ಯಾಟಲೈಟ್: ಹಾರುವ ದಿನದಿಂದ ಕೊನೆಯ ದಿನದವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾರಿ ತೋರಿಸುವ ಸ್ಯಾಟಲೈಟ್‌ಗಳ ಮಾತು ಬಂದಾಗಲೆಲ್ಲ ಸುತ್ತಿ ಸುತ್ತಿ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟು ಉತ್ತರ ಬರೆದಿದ್ದೇನೆ. ಯಾವುದು ಬೇಕೋ ಅದೊಂದನ್ನೇ ಓದಿದರೂ ಅರ್ಥವಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ನಕ್ಷೆಯ ಕಥೆಗಿಂತ ಜಾಸ್ತಿ ಗಡಿಯಾರದ ಕಥೆ.

## ಮೊದಲು ಇದು ಗೊತ್ತಿರಲಿ

ಸ್ಯಾಟಲೈಟ್ ಮೇಲಿಂದ ನನ್ನ ಫೋನ್ ಎಲ್ಲಿದೆ ಅಂತ ನೋಡ್ತಾ ಇರುತ್ತಾ?

ಇಲ್ಲ. ನೀವು ಇದ್ದೀರಿ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಅದು ರೇಡಿಯೊ ಸ್ಟೇಷನ್ ಇದ್ದ ಹಾಗೆ, ಹೇಳುವುದಷ್ಟೇ ಅದರ ಕೆಲಸ. "ಈಗ ಗಂಟೆ ಇಷ್ಟು, ನಾನು ಇಂಥ ಕಡೆ ಇದ್ದೇನೆ" ಅಂತ ಹಗಲು ರಾತ್ರಿ ಹೇಳುತ್ತಲೇ ಇರುತ್ತದೆ. ಕೇಳಿಸಿಕೊಂಡು ಲೆಕ್ಕ ಹಾಕುವುದು ನಿಮ್ಮ ಫೋನ್. ಆ ಲೆಕ್ಕಕ್ಕಾಗಿ ಫೋನ್‌ನಿಂದ ಮೇಲಕ್ಕೆ ಏನೂ ಹೋಗುವುದಿಲ್ಲ. ನೀವು ಎಲ್ಲಿದ್ದೀರಿ ಅಂತ ಬೇರೆ ಯಾರಿಗೋ ತಿಳಿಯುತ್ತಿದೆ ಅಂದರೆ ಅದನ್ನು ಹೇಳುತ್ತಿರುವುದು ಫೋನ್‌ನಲ್ಲಿರುವ ಯಾವುದೋ ಆ್ಯಪ್, ಇಂಟರ್ನೆಟ್ ಮೂಲಕ. ಸ್ಯಾಟಲೈಟ್ ಅಲ್ಲ.

ಬರೀ ಗಂಟೆ ಹೇಳಿದ್ರೆ ಜಾಗ ಹೇಗೆ ಗೊತ್ತಾಗುತ್ತೆ?

ಸಿಗ್ನಲ್ ಬೆಳಕಿನ ವೇಗದಲ್ಲಿ ಬರುತ್ತದೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಹೊರಟ ಹೊತ್ತು ಸಿಗ್ನಲ್‌ನಲ್ಲೇ ಬರೆದಿರುತ್ತದೆ. ತಲುಪಿದ ಹೊತ್ತು ಫೋನ್‌ಗೆ ಗೊತ್ತು. ನಡುವಿನ ಸಮಯವನ್ನು ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಮೂರು ಸ್ಯಾಟಲೈಟ್‌ಗಳಿಂದ ದೂರ ಗೊತ್ತಾದರೆ ಜಾಗ ಗೊತ್ತಾಗಬೇಕು, ಅಲ್ವಾ?

ಆದರೆ ಒಂದು ತೊಡಕಿದೆ. ಫೋನ್‌ನಲ್ಲಿರುವುದು ಮಾಮೂಲಿ ಗಡಿಯಾರ. ಅದು ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹಿಂದೆಮುಂದೆ ಆದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ನಾಲ್ಕನೇ ಸ್ಯಾಟಲೈಟ್ ಬೇಕು. ಅದರ ನೆರವಿನಿಂದ ಫೋನ್ ತನ್ನ ಗಡಿಯಾರ ಎಷ್ಟು ತಪ್ಪಿದೆ ಅನ್ನುವುದನ್ನೂ ಲೆಕ್ಕ ಹಾಕಿ ಸರಿ ಮಾಡಿಕೊಳ್ಳುತ್ತದೆ. ನಮ್ಮ ಕಡೆ ಅಗ್ಗದ ಗಡಿಯಾರ ಸಾಕಾಗುವುದು ಮೇಲಿನ ಗಡಿಯಾರ ಅಷ್ಟು ಕರಾರುವಾಕ್ಕಾಗಿ ಇರುವುದರಿಂದ.

ಜಿಪಿಎಸ್, ಗ್ಲೋನಾಸ್, ನಾವಿಕ್ ಎಲ್ಲಾ ಒಂದೇನಾ?

ತತ್ವ ಒಂದೇ, ಮನೆ ಬೇರೆ ಬೇರೆ. ಅಮೆರಿಕದ್ದು ಜಿಪಿಎಸ್, ಸುಮಾರು 20,200 ಕಿ.ಮೀ. ಎತ್ತರದಲ್ಲಿ. ರಷ್ಯಾದ ಗ್ಲೋನಾಸ್ ಸುಮಾರು 19,100ರಲ್ಲಿ, ಯುರೋಪಿನ ಗೆಲಿಲಿಯೊ ಸುಮಾರು 23,200ರಲ್ಲಿ. ಚೀನಾದ ಬೈಡೂ 2020ರಲ್ಲಿ ಜಗತ್ತಿಗೆಲ್ಲ ಪೂರ್ತಿಯಾಗಿ ತೆರೆದುಕೊಂಡಿತು. ಭಾರತದ ನಾವಿಕ್ ಮಾತ್ರ ಬೇರೆ ದಾರಿ ಹಿಡಿಯಿತು. ಅದು ಇಡೀ ಭೂಮಿಗಲ್ಲ, ಭಾರತ ಮತ್ತು ಗಡಿಯಿಂದ ಸುಮಾರು 1,500 ಕಿ.ಮೀ. ಸುತ್ತಲಿಗೆ. ಅದಕ್ಕೇ ಅದರ ಸ್ಯಾಟಲೈಟ್‌ಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಯಾವಾಗಲೂ ನಮ್ಮ ಆಕಾಶದಲ್ಲೇ ಇರುವ ಹಾಗೆ ಸುತ್ತುತ್ತವೆ. ಮೂಲ ಯೋಜನೆಯಲ್ಲಿದ್ದದ್ದು ಏಳು. ಮೂರು ಭೂಸ್ಥಿರ ಕಕ್ಷೆಯಲ್ಲಿ, ಅಂದರೆ ನೆಲದಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ನಾಲ್ಕು ಓರೆ ಕಕ್ಷೆಯಲ್ಲಿ. ಆ ನಾಲ್ಕನ್ನು ನೆಲದಿಂದ ನೋಡಿದರೆ ದಿನಕ್ಕೊಮ್ಮೆ ಆಕಾಶದಲ್ಲಿ ಇಂಗ್ಲಿಷಿನ 8ರ ಆಕಾರ ಬರೆದ ಹಾಗೆ ಕಾಣುತ್ತದೆ.

ನೆಟ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡುತ್ತಾ?

ಮಾಡುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಜಿಪಿಎಸ್‌ನ ಹಳೆಯ ಸಿಗ್ನಲ್ ಸೆಕೆಂಡಿಗೆ ಬರೀ 50 ಬಿಟ್ ಮಾಹಿತಿ ಕಳಿಸುತ್ತದೆ. ಒಂದು ಸ್ಯಾಟಲೈಟ್ ತಾನೆಲ್ಲಿದ್ದೇನೆ ಅನ್ನುವ ವಿವರವನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಹೇಳುತ್ತದೆ. ನೆಟ್ ಇದ್ದರೆ ಫೋನ್ ಅದೇ ವಿವರವನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ಸುಮ್ನೆ ನಿಲ್ಲಿ, ಸಿಗುತ್ತದೆ. ನಕ್ಷೆಯ ಚಿತ್ರಕ್ಕೆ ನೆಟ್ ಬೇಕು, ಜಾಗ ತಿಳಿಯುವುದಕ್ಕೆ ಬೇಡ.

## ಉಡಾವಣೆ

ರಾಕೆಟ್ ಸೀದಾ ಕೊಂಡುಹೋಗಿ ಜಾಗಕ್ಕೆ ಬಿಟ್ಟು ಬರುತ್ತಾ?

ಕೆಲವು ಸಲ ಹೌದು. ಜಿಪಿಎಸ್‌ನ ಕೆಲವು ತಲೆಮಾರುಗಳನ್ನು ಮತ್ತು ಗೆಲಿಲಿಯೊಗಳನ್ನು ರಾಕೆಟ್‌ನ ಕೊನೆಯ ಹಂತವೇ ಕಕ್ಷೆಯವರೆಗೆ ತಲುಪಿಸಿದ್ದಿದೆ. ನಾವಿಕ್‌ನಲ್ಲಿ ಹಾಗಲ್ಲ. 2013ರ ಜುಲೈ 1ರ ರಾತ್ರಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ22 ಹೊತ್ತೊಯ್ದ ಮೊದಲ ಸ್ಯಾಟಲೈಟ್ ಐಆರ್‌ಎನ್‌ಎಸ್‌ಎಸ್-1ಎ ತೂಕ 1,425 ಕೆ.ಜಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಧನ. ಇಂಧನ ತೆಗೆದರೆ ಸುಮಾರು 600 ಕೆ.ಜಿ. ಮಾತ್ರ! ರಾಕೆಟ್ ಬಿಟ್ಟದ್ದು ಒಂದು ತುದಿ 300 ಕಿ.ಮೀ.ಗಿಂತ ಕೆಳಗೆ, ಇನ್ನೊಂದು ತುದಿ 20,000 ದಾಟಿದ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ. ಅಲ್ಲಿಂದ 36,000ಕ್ಕೆ ಏರುವ ಹೊಣೆ ಸ್ಯಾಟಲೈಟ್‌ನ ಸ್ವಂತ ಎಂಜಿನ್‌ದು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ಆದೇಶ ಹೋಗುತ್ತದೆ, ಸರಿಯಾದ ಗಳಿಗೆಯಲ್ಲಿ ಎಂಜಿನ್ ಉರಿಯುತ್ತದೆ, ಕಕ್ಷೆ ಹಿಗ್ಗುತ್ತದೆ. ಆಮೇಲೆ ಅಳೆದು ನೋಡಿ ಮತ್ತೆ ಉರಿಸುತ್ತಾರೆ. ದಿನಗಟ್ಟಲೆ ನಡೆಯುವ ಕೆಲಸ ಇದು. ಟಿವಿಯಲ್ಲಿ ಚಪ್ಪಾಳೆ ಕೇಳುವ ಹೊತ್ತಿಗೆ ಇದು ಶುರುವೂ ಆಗಿರುವುದಿಲ್ಲ.

ಉಡಾವಣೆ ಯಶಸ್ವಿ ಅಂದ್ರು, ವಾರದೊಳಗೆ ಸ್ಯಾಟಲೈಟ್ ಕೈಕೊಡ್ತು ಅಂದ್ರು. ಯಾವುದು ನಿಜ?

ಎರಡೂ ನಿಜ. 2025ರ ಜನವರಿ 29ರಂದು ಜಿಎಸ್‌ಎಲ್‌ವಿ-ಎಫ್15 ಹಾರಿತು. ಅದು ಶ್ರೀಹರಿಕೋಟಾದ ನೂರನೇ ಉಡಾವಣೆ. ರಾಕೆಟ್ ತನ್ನ ಪಾಲಿನ ಕೆಲಸ ಮುಗಿಸಿ ನಾವಿಕ್‌ನ ಎನ್‌ವಿಎಸ್-02 ಸ್ಯಾಟಲೈಟನ್ನು ಹೇಳಿದ ಕಕ್ಷೆಗೇ ಬಿಟ್ಟಿತು. ಸೌರ ಫಲಕಗಳು ಬಿಚ್ಚಿಕೊಂಡವು, ವಿದ್ಯುತ್ ಬಂತು, ನೆಲದ ಜೊತೆ ಮಾತುಕತೆಯೂ ಶುರುವಾಯಿತು. ಆಮೇಲೆ ಕಕ್ಷೆ ಏರಿಸಲು ಎಂಜಿನ್ ಉರಿಸಬೇಕು ಅನ್ನುವಾಗ ಆಕ್ಸಿಡೈಸರ್ ಒಳಬಿಡುವ ವಾಲ್ವ್‌ಗಳು ತೆರೆಯಲಿಲ್ಲ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಇಂಧನದ ಜೊತೆ ಆಕ್ಸಿಡೈಸರ್ ಸೇರದಿದ್ದರೆ ಉರಿಯೇ ಇಲ್ಲ. ಆರೋಗ್ಯವಾಗಿದ್ದ ಸ್ಯಾಟಲೈಟ್ ಮೊಟ್ಟೆಯಾಕಾರದ ಕಕ್ಷೆಯಲ್ಲೇ ಉಳಿದುಹೋಯಿತು.

ಅಂದ್ರೆ ಒಂದು ಸಣ್ಣ ಭಾಗ ಕೈಕೊಟ್ರೆ ಎಲ್ಲಾ ಹೋಯ್ತಾ?

ಹೋಗುತ್ತದೆ. ಈ ಕ್ಷೇತ್ರದಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿರುವುದು ಇಂಥ ಘಟನೆಗಳೇ.

2017ರ ಆಗಸ್ಟ್ 31. ಪಿಎಸ್‌ಎಲ್‌ವಿ-ಸಿ39, ಒಳಗೆ ಐಆರ್‌ಎನ್‌ಎಸ್‌ಎಸ್-1ಎಚ್. ರಾಕೆಟ್‌ನ ಮೂತಿಗೆ ಒಂದು ಹೀಟ್ ಶೀಲ್ಡ್ ಇರುತ್ತದೆ. ಗಾಳಿಯ ಉಜ್ಜಾಟದಿಂದ ಸ್ಯಾಟಲೈಟನ್ನು ಕಾಪಾಡುವುದು ಅದರ ಕೆಲಸ. ಗಾಳಿ ತೆಳುವಾದ ಮೇಲೆ, ಹಾರಿದ ಮೂರು ನಿಮಿಷ ಚಿಲ್ಲರೆಗೆ, ಅದು ಎರಡು ಹೋಳಾಗಿ ಕಳಚಿ ಬೀಳಬೇಕು. ಬೀಳಲಿಲ್ಲ. ಒಂದು ಟನ್‌ಗೂ ಮೀರಿದ ಆ ಭಾರ ಹೊತ್ತುಕೊಂಡೇ ರಾಕೆಟ್ ಓಡಿತು, ವೇಗ ಸಾಲದೆ ಕಕ್ಷೆ ತಗ್ಗಾಯಿತು. ಕೊನೆಗೆ ಸ್ಯಾಟಲೈಟ್ ರಾಕೆಟ್‌ನಿಂದ ಬಿಡಿಸಿಕೊಂಡಿತು, ಆದರೆ ಶೀಲ್ಡ್ ಒಳಗೇ. ಮುಚ್ಚಿದ ಡಬ್ಬಿಯೊಳಗಿನ ಕಾಳಿನ ಹಾಗೆ.

2013ರ ಜುಲೈ 2ರಂದು ಬೈಕನೂರಿನಲ್ಲಿ ಮೂರು ಗ್ಲೋನಾಸ್ ಸ್ಯಾಟಲೈಟ್ ಹೊತ್ತ ಪ್ರೋಟಾನ್ ರಾಕೆಟ್ ಮೇಲೆದ್ದ ಅರ್ಧ ನಿಮಿಷದಲ್ಲೇ ಅಡ್ಡ ತಿರುಗಿ ನೆಲಕ್ಕಪ್ಪಳಿಸಿತು. ರಾಕೆಟ್ ಎತ್ತ ತಿರುಗುತ್ತಿದೆ ಎಂದು ಅಳೆಯುವ ಸೆನ್ಸರ್‌ಗಳನ್ನು ತಲೆಕೆಳಗಾಗಿ ಕೂರಿಸಿದ್ದರು. ಎತ್ತ ವಾಲುತ್ತಿದ್ದೇನೆ ಅನ್ನುವುದೇ ಅದಕ್ಕೆ ಉಲ್ಟಾ ತಿಳಿಯುತ್ತಿತ್ತು, ಸರಿ ಮಾಡಿಕೊಳ್ಳಲು ಹೋದಷ್ಟೂ ಇನ್ನಷ್ಟು ವಾಲಿತು.

ತಪ್ಪು ಕಕ್ಷೆಗೆ ಹೋದದ್ದು ಯಾವ ಕೆಲಸಕ್ಕೂ ಬರಲ್ವಾ?

ಒಮ್ಮೊಮ್ಮೆ ಬರುತ್ತದೆ, ಅದೂ ಯಾರೂ ಎಣಿಸದ ಕೆಲಸಕ್ಕೆ. 2014ರ ಆಗಸ್ಟ್‌ನಲ್ಲಿ ಐದನೇ ಮತ್ತು ಆರನೇ ಗೆಲಿಲಿಯೊಗಳು ಫ್ರೆಂಚ್ ಗಯಾನಾದಿಂದ ಹಾರಿ ತಪ್ಪು ಕಕ್ಷೆಗೆ ಬಿದ್ದವು. ಕಾರಣ ಹುಡುಕಿದಾಗ ಸಿಕ್ಕದ್ದು ಒಂದು ಕೊಳವೆ. ರಾಕೆಟ್‌ನ ಮೇಲಿನ ಹಂತದಲ್ಲಿ ಹೈಡ್ರಜೀನ್ ಇಂಧನದ ಕೊಳವೆ, ಕೊರೆಯುವಷ್ಟು ತಣ್ಣಗಿನ ಹೀಲಿಯಂ ಕೊಳವೆಗೆ ತಾಗಿಕೊಂಡೇ ಇತ್ತು. ತಂಪು ಹತ್ತಿ ಒಳಗಿನ ಇಂಧನ ಹೆಪ್ಪುಗಟ್ಟಿತು, ಮೂತಿ ಬೇರೆ ದಿಕ್ಕಿಗೆ ತಿರುಗಿರುವಾಗಲೇ ಎಂಜಿನ್ ಉರಿಯಿತು.

ತಂತ್ರಜ್ಞರು ಕೈ ಚೆಲ್ಲಲಿಲ್ಲ. ಸ್ಯಾಟಲೈಟ್‌ಗಳಲ್ಲಿದ್ದ ಇಂಧನವನ್ನೇ ಬಳಸಿ ಕಕ್ಷೆಯ ತಗ್ಗಿನ ತುದಿಯನ್ನು ಸುಮಾರು 3,500 ಕಿ.ಮೀ. ಮೇಲಕ್ಕೆತ್ತಿದರು. ಆದರೂ ಅವು ದಿನಕ್ಕೆರಡು ಸಲ ಸುಮಾರು 8,500 ಕಿ.ಮೀ. ಏರಿ ಇಳಿಯುತ್ತಿದ್ದವು. ಗುರುತ್ವ ಕಡಿಮೆಯಾದಲ್ಲಿ ಗಡಿಯಾರ ವೇಗವಾಗಿ ಓಡುತ್ತದೆ ಅಂತ ಐನ್‌ಸ್ಟೈನ್ ಹೇಳಿದ್ದನ್ನು ಅಳೆಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ವರ್ಷಗಟ್ಟಲೆ ಅಳೆದರು. 2018ರಲ್ಲಿ ಬಂದ ಫಲಿತಾಂಶ, 1976ರಲ್ಲಿ ರಾಕೆಟ್ಟಿನಲ್ಲಿ ಗಡಿಯಾರ ಹಾರಿಸಿ ಮಾಡಿದ್ದ ಗ್ರ್ಯಾವಿಟಿ ಪ್ರೋಬ್ ಎ ಪ್ರಯೋಗಕ್ಕಿಂತಲೂ ನಿಖರವಾಗಿತ್ತು.

## ದುಡಿಮೆಯ ವರ್ಷಗಳು

ಜಾಗಕ್ಕೆ ತಲುಪಿದ ದಿನವೇ ನಮ್ಮ ಫೋನ್‌ಗೆ ಸಿಗ್ನಲ್ ಬರುತ್ತಾ?

ಬರುವುದಿಲ್ಲ. ಮೊದಲು ವಾರಗಟ್ಟಲೆ ಪರೀಕ್ಷೆ. ಗಡಿಯಾರ ಬಿಸಿಯೇರಿ ಒಂದು ಲಯಕ್ಕೆ ಬರಬೇಕು, ಸಿಗ್ನಲ್‌ನ ಆಕಾರ ಸರಿಯಿದೆಯೇ ನೋಡಬೇಕು, ಕಕ್ಷೆಯನ್ನು ಕರಾರುವಾಕ್ಕಾಗಿ ಅಳೆಯಬೇಕು. ಆ ಹೊತ್ತಿನಲ್ಲಿ ಸ್ಯಾಟಲೈಟ್ ತನ್ನ ಸಂದೇಶದಲ್ಲೇ "ನನ್ನನ್ನು ಇನ್ನೂ ನಂಬಬೇಡಿ" ಅನ್ನುವ ಗುರುತು ಹಾಕಿರುತ್ತದೆ. ಫೋನ್ ಅದನ್ನು ಕೇಳಿಸಿಕೊಂಡರೂ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುಂದೆ ಕಕ್ಷೆ ತಿದ್ದಲು ಎಂಜಿನ್ ಉರಿಸುವಾಗಲೂ ಇದೇ ಗುರುತು ಹಾಕುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುವ ಈ ಶಿಸ್ತು ನನಗೆ ತುಂಬಾ ಇಷ್ಟ.

ದಿನಾ ಅದು ಅಲ್ಲಿ ಏನು ಮಾಡ್ತಾ ಇರುತ್ತೆ? ನೆಲದಲ್ಲಿ ಜನ ಏನು ಮಾಡ್ತಾರೆ?

ಸ್ಯಾಟಲೈಟ್ ಸಿಗ್ನಲ್ ಬಿಡುತ್ತಾ ಇರುತ್ತದೆ, ಸೂರ್ಯನ ಕಡೆ ಫಲಕ ತಿರುಗಿಸುತ್ತಾ ಇರುತ್ತದೆ. ನಿಜವಾದ ಓಡಾಟ ನೆಲದಲ್ಲಿ. ಗೊತ್ತಿರುವ ಜಾಗಗಳಲ್ಲಿ ಕೂರಿಸಿದ ಕೇಂದ್ರಗಳು ಎಡೆಬಿಡದೆ ಅದರ ಸಿಗ್ನಲ್ ಕೇಳುತ್ತವೆ. ತಾವು ಎಲ್ಲಿದ್ದೇವೆ ಅಂತ ಅವಕ್ಕೆ ಮೊದಲೇ ಗೊತ್ತು, ಹಾಗಾಗಿ ಲೆಕ್ಕ ಉಲ್ಟಾ ಮಾಡಿ ಸ್ಯಾಟಲೈಟ್ ಎಲ್ಲಿದೆ, ಅದರ ಗಡಿಯಾರ ಎಷ್ಟು ಜಾರಿದೆ ಅಂತ ಕಂಡುಹಿಡಿಯುತ್ತವೆ. ನಾವಿಕ್‌ಗೆ ಈ ಲೆಕ್ಕದ ಮನೆ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿದೆ. ಜಿಪಿಎಸ್‌ಗೆ ಅಮೆರಿಕದ ಕೊಲರಾಡೊದಲ್ಲಿ. ಲೆಕ್ಕ ಹಾಕಿದ ತಿದ್ದುಪಡಿಯನ್ನು ಮೇಲಕ್ಕೆ ಕಳಿಸುತ್ತಾರೆ, ಸ್ಯಾಟಲೈಟ್ ಅದನ್ನು ನಮಗೆ ಹೇಳುತ್ತದೆ. ಮೇಲಿನ ಗಡಿಯಾರವನ್ನು ಯಾರೂ ಮುಳ್ಳು ತಿರುಗಿಸಿ ಸರಿ ಮಾಡುವುದಿಲ್ಲ ನೋಡಿ. ಅದು ತನ್ನ ಪಾಡಿಗೆ ಓಡಲಿ, ಎಷ್ಟು ತಪ್ಪಿದೆ ಅನ್ನುವುದನ್ನು ಮಾತ್ರ ಹೇಳುತ್ತಾ ಹೋಗೋಣ ಅನ್ನುವ ಉಪಾಯ ಇದು.

ಭೂಸ್ಥಿರ ಕಕ್ಷೆಯಲ್ಲಿರುವವಕ್ಕೆ ವರ್ಷಕ್ಕೆರಡು ಗ್ರಹಣ ಕಾಲ ಬರುತ್ತದೆ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು. ಆಗ ದಿನಕ್ಕೆ 70 ನಿಮಿಷದವರೆಗೂ ಭೂಮಿಯ ನೆರಳಿನಲ್ಲಿ ಬ್ಯಾಟರಿಯಲ್ಲೇ ನಡೆಯಬೇಕು.

ಪರಮಾಣು ಗಡಿಯಾರ ಅಂದ್ರೆ ವಿಕಿರಣ ಇರುತ್ತಾ? ಬಿದ್ರೆ ಅಪಾಯನಾ?

ಇಲ್ಲ, ಹೆಸರು ಕೇಳಿ ಹೆದರಬೇಡಿ. ಪರಮಾಣು ಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಗೋಡೆ ಗಡಿಯಾರದಲ್ಲಿ ಲೋಲಕ ತೂಗಾಡುತ್ತದಲ್ಲ, ಇಲ್ಲಿ ಆ ಕೆಲಸವನ್ನು ರುಬಿಡಿಯಂ ಪರಮಾಣು ಮಾಡುತ್ತದೆ. ಸೆಕೆಂಡಿಗೆ ಸುಮಾರು 683 ಕೋಟಿ ಸಲ ಕಂಪಿಸುವ ಒಂದು ಮೈಕ್ರೋವೇವ್‌ಗೆ ಮಾತ್ರ ಅದು ಓಗೊಡುತ್ತದೆ. ಅದಕ್ಕಿಂತ ಚೂರು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಓಗೊಡುವಿಕೆಯನ್ನೇ ಹಿಡಿದು ಗಡಿಯಾರ ತನ್ನ ಲಯ ಕಾಪಾಡಿಕೊಳ್ಳುತ್ತದೆ. ಸೀಸಿಯಂ ಬಳಸುವವೂ ಇವೆ, ಗೆಲಿಲಿಯೊದಲ್ಲಿ ಹೈಡ್ರೋಜನ್ ಮೇಸರ್ ಅನ್ನುವ, ಹೈಡ್ರೋಜನ್ ಪರಮಾಣು ಬಳಸುವ ಗಡಿಯಾರ ಕೂಡ ಇದೆ.

ಆ ಗಡಿಯಾರ ಕೆಟ್ಟರೆ?

ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಐಆರ್‌ಎನ್‌ಎಸ್‌ಎಸ್-1ಎ ಒಳಗೆ ಮೂರಿದ್ದವು. 2016ರಲ್ಲಿ ಒಂದಾದ ಮೇಲೊಂದು ಮೂರೂ ಹೋದವು. ಸ್ಯಾಟಲೈಟ್‌ಗೆ ವಿದ್ಯುತ್ ಇತ್ತು, ಇಂಧನ ಇತ್ತು, ರೇಡಿಯೊ ಇತ್ತು. ಗಂಟೆ ಎಷ್ಟು ಅಂತ ಹೇಳಲು ಮಾತ್ರ ಬರುತ್ತಿರಲಿಲ್ಲ. ಅಷ್ಟಕ್ಕೇ ಅದರ ಮುಖ್ಯ ಕೆಲಸ ನಿಂತುಹೋಯಿತು. ಗೆಲಿಲಿಯೊಗಳಲ್ಲೂ ಹಲವು ಗಡಿಯಾರ ನಿಂತ ವಿಷಯ 2017ರ ಜನವರಿಯಲ್ಲಿ ಹೊರಬಂತು.

1ಎ ಜಾಗ ತುಂಬಲೆಂದು ಕಳಿಸಿದ್ದೇ ಶೀಲ್ಡ್ ಒಳಗೆ ಸಿಕ್ಕಿಹಾಕಿಕೊಂಡ ಆ 1ಎಚ್. ಅದೂ ಹೋದ ಮೇಲೆ 2018ರ ಏಪ್ರಿಲ್ 12ರಂದು 1ಐ ಹಾರಿ ಜಾಗ ಹಿಡಿಯಿತು. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ಮೊದಲ ಸಲ ಭಾರತದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. 2025ರ ಜುಲೈನಲ್ಲಿ ಸಂಸತ್ತಿಗೆ ಸಿಕ್ಕ ಉತ್ತರದ ಪ್ರಕಾರ, ಅಲ್ಲಿಯವರೆಗೆ ಹಾರಿಸಿದ 11ರಲ್ಲಿ ಜಾಗ ತೋರಿಸುವ ಕೆಲಸ ಮಾಡುತ್ತಿದ್ದದ್ದು 4. ಇನ್ನು 4 ಸಂದೇಶ ಪ್ರಸಾರಕ್ಕೆ ಮಾತ್ರ. ಓದಿ ಬೇಜಾರಾಯಿತು. ಸ್ವಂತ ಗಡಿಯಾರ ಕಟ್ಟಲು ಕಲಿತದ್ದು ಎಷ್ಟು ದೊಡ್ಡ ಕೆಲಸ ಅನ್ನುವುದು ಈ ಲೆಕ್ಕ ನೋಡಿದಾಗಲೇ ಅರ್ಥವಾಗುವುದು.

ಮನೆಯೊಳಗೆ ಹೋದ್ರೆ ಜಾಗ ಯಾಕೆ ಅಲ್ಲಾಡುತ್ತೆ?

ಸಿಗ್ನಲ್ ನಮ್ಮನ್ನು ತಲುಪುವಾಗ ನಂಬಲಾಗದಷ್ಟು ಸಣ್ಣದಾಗಿರುತ್ತದೆ. ಒಂದು ವ್ಯಾಟನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಒಂದು ಕೋಟಿ ಪಾಲು ಮಾಡಿ. ಹೆಚ್ಚುಕಡಿಮೆ ಅಷ್ಟು. ಫೋನ್‌ನಲ್ಲಿ ಸ್ಯಾಟಲೈಟ್ ಪಟ್ಟಿ ತೋರಿಸುವ ಆ್ಯಪ್ ಹಾಕಿಕೊಂಡು ನೋಡಿ. ಬಯಲಿನಲ್ಲಿ ನಿಂತರೆ ಒಂದೊಂದರ ಮುಂದೆ 40, 45 ಅಂತ ಸಿಗ್ನಲ್ ಬಲದ ಅಂಕಿ ಇರುತ್ತದೆ. ಬಾಗಿಲು ದಾಟಿ ಒಳಗೆ ಬನ್ನಿ, 30 ಆಗುತ್ತದೆ, 20 ಆಗುತ್ತದೆ, ಕೆಲವು ಪಟ್ಟಿಯಿಂದಲೇ ಮಾಯವಾಗುತ್ತವೆ. ಉಳಿದದ್ದು ಗೋಡೆಗೆ ಬಡಿದು ಸುತ್ತಿ ಬಂದ ಸಿಗ್ನಲ್. ದಾರಿ ಉದ್ದವಾದ್ದರಿಂದ ದೂರದ ಲೆಕ್ಕ ತಪ್ಪುತ್ತದೆ, ನಕ್ಷೆಯ ಮೇಲೆ ನೀವು ಪಕ್ಕದ ರಸ್ತೆಗೆ ಹಾರುತ್ತೀರಿ. ಇಷ್ಟು ಸಣ್ಣ ಸಿಗ್ನಲ್ ಆದ್ದರಿಂದಲೇ ಯಾರಾದರೂ ಬೇಕೆಂದೇ ಗದ್ದಲ ಎಬ್ಬಿಸಿ ಮುಚ್ಚಿಹಾಕುವುದೂ ಸುಲಭ.

## ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ

ಐನ್‌ಸ್ಟೈನ್ ಇಲ್ಲದಿದ್ರೆ ಜಿಪಿಎಸ್ ಇಲ್ಲ ಅಂತಾರೆ, ಹೌದಾ?

ಅವರ ಲೆಕ್ಕ ಇಲ್ಲದೆ ಆಗುವುದಿಲ್ಲ. ಜಿಪಿಎಸ್ ಎತ್ತರದಲ್ಲಿ ಗುರುತ್ವ ಕಡಿಮೆ, ಆದ್ದರಿಂದ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಸ್ಯಾಟಲೈಟ್ ವೇಗವಾಗಿ ಚಲಿಸುವುದರಿಂದ ಸುಮಾರು 7 ಹಿಂದೆ ಬೀಳುತ್ತದೆ. ಕೂಡಿ ಕಳೆದರೆ ದಿನಕ್ಕೆ 38 ಮುಂದೆ. ಬೆಳಕು ಅಷ್ಟು ಹೊತ್ತಿನಲ್ಲಿ 11 ಕಿ.ಮೀ. ಓಡುತ್ತದೆ! ಅದಕ್ಕೇ ಗಡಿಯಾರದ ಲಯವನ್ನು ನೆಲದಲ್ಲೇ ಒಂಚೂರು ನಿಧಾನ ಮಾಡಿ ಕಳಿಸುತ್ತಾರೆ, 10.23 ಮೆಗಾಹರ್ಟ್ಸ್ ಬದಲು 10.22999999543. ಮೇಲೆ ಹೋದ ಮೇಲೆ ಅದು ನಮ್ಮ ಗಡಿಯಾರಗಳ ಜೊತೆ ಹೆಜ್ಜೆ ಹಾಕುತ್ತದೆ.

ಒಂದೇ ಸ್ಯಾಟಲೈಟ್ ಎರಡು ಮೂರು ಫ್ರೀಕ್ವೆನ್ಸಿಯಲ್ಲಿ ಯಾಕೆ ಕೂಗುತ್ತೆ?

ಮುಖ್ಯವಾಗಿ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶ ಹೊತ್ತ ಕಣಗಳಿರುವ ಪದರದ ಕಾಟ ಕಳೆಯಲು. ಅಲ್ಲಿ ಸಿಗ್ನಲ್ ಸ್ವಲ್ಪ ತಡವಾಗುತ್ತದೆ, ಎಷ್ಟು ತಡ ಅನ್ನುವುದು ಫ್ರೀಕ್ವೆನ್ಸಿಯ ಮೇಲೆ ನಿಂತಿದೆ. ಎರಡು ಫ್ರೀಕ್ವೆನ್ಸಿಗಳ ತಡವನ್ನು ಹೋಲಿಸಿದರೆ ತಪ್ಪು ಎಷ್ಟೆಂದು ಗೊತ್ತಾಗಿ ಕಳೆದುಬಿಡಬಹುದು. ನಾವಿಕ್ ಶುರುವಿನಿಂದ ಎಲ್5 ಮತ್ತು ಎಸ್ ಬ್ಯಾಂಡ್ ಅನ್ನುವ ಎರಡು ಫ್ರೀಕ್ವೆನ್ಸಿ ಬಳಸಿತು. ಎನ್‌ವಿಎಸ್-01ರಿಂದ ಎಲ್1 ಕೂಡ ಸೇರಿತು. ಜಿಪಿಎಸ್‌ನ ಹಳೇ ಸಿಗ್ನಲ್ ಇರುವುದೂ ಅಲ್ಲೇ, 1575.42 ಮೆಗಾಹರ್ಟ್ಸ್‌ನಲ್ಲಿ. ಸಣ್ಣ ಪುಟ್ಟ ಸಾಧನಗಳಿಗೂ ನಾವಿಕ್ ಸೇರಿಸುವುದು ಇದರಿಂದ ಸುಲಭ.

ನನ್ನ ಹಳೇ ಜಿಪಿಎಸ್ ಸಾಧನ 20 ವರ್ಷ ಹಿಂದಿನ ತಾರೀಖು ತೋರಿಸ್ತಿದೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ಎಣಿಕೆ ಮುಗಿದು ಮತ್ತೆ ಸೊನ್ನೆಗೆ ಬಂದಿದೆ. ಜಿಪಿಎಸ್ 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತದೆ. ಹಳೇ ಸಿಗ್ನಲ್‌ನಲ್ಲಿ ಆ ಎಣಿಕೆಗೆ ಹತ್ತೇ ಬಿಟ್ ಜಾಗ, ಅಂದರೆ 1,024 ವಾರ, ಹತ್ತಿರ ಹತ್ತಿರ 20 ವರ್ಷ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಸೊನ್ನೆಯಾಯಿತು. ಮುಂದಿನದು 2038ರಲ್ಲಿ. ಸಾಫ್ಟ್‌ವೇರ್ ಅಪ್‌ಡೇಟ್ ಸಿಕ್ಕರೆ ಹಾಕಿ ನೋಡಿ.

ಆಯಸ್ಸು ಮುಗಿದ ಮೇಲೆ ಅದನ್ನು ಏನು ಮಾಡ್ತಾರೆ?

ಇಷ್ಟು ಎತ್ತರದಿಂದ ಕೆಳಗಿಳಿಸಿ ಗಾಳಿಯಲ್ಲಿ ಉರಿಸಲು ಬೇಕಾದಷ್ಟು ಇಂಧನ ಉಳಿದಿರುವುದಿಲ್ಲ. ಅದಕ್ಕೆ ಭೂಸ್ಥಿರ ಕಕ್ಷೆಯದ್ದನ್ನು ಸುಮಾರು 300 ಕಿ.ಮೀ. ಮೇಲಕ್ಕೆ ತಳ್ಳಿ, ದುಡಿಯುವ ಸ್ಯಾಟಲೈಟ್‌ಗಳ ದಾರಿಯಿಂದ ಸರಿಸುತ್ತಾರೆ. ಆ ಕೊನೆಯ ಪಯಣದ ಇಂಧನವನ್ನು ಮೊದಲೇ ಎತ್ತಿಟ್ಟಿರಬೇಕು. ಉಳಿದ ಇಂಧನ ಖಾಲಿ ಮಾಡಿ, ಬ್ಯಾಟರಿ ಬರಿದು ಮಾಡಿ, ರೇಡಿಯೊ ಆರಿಸುತ್ತಾರೆ. ಹಾಗೇ ಬಿಟ್ಟರೆ ಮುಂದೊಂದು ದಿನ ಸಿಡಿಯಬಹುದು.

ಲೆಕ್ಕದ ಆಯಸ್ಸಿಗೂ ನಿಜದ ಆಯಸ್ಸಿಗೂ ಒಮ್ಮೊಮ್ಮೆ ಹೋಲಿಕೆಯೇ ಇರುವುದಿಲ್ಲ. 1990ರಲ್ಲಿ ಹಾರಿದ ಎಸ್‌ವಿಎನ್-23 ಅನ್ನುವ ಜಿಪಿಎಸ್ ಸ್ಯಾಟಲೈಟ್ ಏಳೂವರೆ ವರ್ಷ ಬಾಳಲಿ ಅಂತ ಕಟ್ಟಿದ್ದು. ಅದು ಕೆಲಸದಿಂದ ಇಳಿದದ್ದು 2016ರ ಜನವರಿಯಲ್ಲಿ, 25 ವರ್ಷ ಕಳೆದ ಮೇಲೆ. ಅದನ್ನು ಪಟ್ಟಿಯಿಂದ ತೆಗೆಯುವಾಗ ನೆಲದ ಸಾಫ್ಟ್‌ವೇರ್ ಎಡವಿ, ಜನವರಿ 26ರಂದು ಉಳಿದ ಕೆಲವು ಸ್ಯಾಟಲೈಟ್‌ಗಳು ಜಾಗತಿಕ ಗಡಿಯಾರಕ್ಕೆ ಹೊಂದಿಸುವ ಅಂಕಿಯನ್ನು 13 ಮೈಕ್ರೋಸೆಕೆಂಡ್ ತಪ್ಪಾಗಿ ಹೇಳಿದವು. ತಪ್ಪಾದದ್ದು ಆ ಅಂಕಿ ಮಾತ್ರ, ಆದ್ದರಿಂದ ದಾರಿ ಹುಡುಕುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಅದೇ ಗಂಟೆಯನ್ನು ನಂಬಿಕೊಂಡಿದ್ದ ಟೆಲಿಫೋನ್ ಜಾಲಗಳಲ್ಲಿ, ಡಿಜಿಟಲ್ ರೇಡಿಯೊ ಪ್ರಸಾರದಲ್ಲಿ ಮಾತ್ರ ಗಂಟೆಗಟ್ಟಲೆ ಅಲಾರಂ ಹೊಡೆದುಕೊಂಡವು.